ಪರೀಕ್ಷೆಯವರ ಹತ್ತಿರ ಉಳಿದುಹೋದ ಅಮ್ಮನ ಚಿತ್ರ

ಮೊನ್ನೆ ಭಾನುವಾರ ಅಮ್ಮ ರೇಷ್ಮೆ ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಪ್ಲಾಸ್ಟಿಕ್ ಕುರ್ಚಿ ಎಳೆದು ನನ್ನೆದುರು ಕೂತಳು.

"ಈಗ ಬರಿಯೇ. ಇದನ್ನಾದ್ರೂ ಯಾರಿಗೂ ಕೊಡ್ಬೇಡ" ಅಂದಳು.

ಮೊದಲು ನಗು ಬಂತು. ಆಮೇಲೆ ಪೆನ್ಸಿಲ್ ಕೈಗೆತ್ತಿಕೊಂಡೆ...

ಹತ್ತನೇ ಕ್ಲಾಸಿನಲ್ಲಿ ನಾನು ಡ್ರಾಯಿಂಗ್ ಗ್ರೇಡ್ ಎಕ್ಸಾಮ್ ಬರೆದಿದ್ದೆ. ನಮ್ಮ ಹೈಸ್ಕೂಲಿನಿಂದ ಹೋದವರು ನಾಲ್ಕೈದು ಜನ ಅಷ್ಟೇ. ಬ್ರಶ್ ತೊಳೆಯಲು ಮನೆಯಿಂದ ಉಪ್ಪಿನಕಾಯಿ ಬಾಟಲಿ ಒಯ್ದಿದ್ದೆ, ಎಷ್ಟು ತೊಳೆದರೂ ವಾಸನೆ ಹೋಗಿರಲಿಲ್ಲ.

ಅದರಲ್ಲಿ ನೆನಪಿನ ಚಿತ್ರ ಅಂತ ಒಂದು ಪೇಪರ್. ಹೆಸರಿಗೆ ನೆನಪು, ನಿಜದಲ್ಲಿ ಎಲ್ಲರೂ ಬೈಹಾರ್ಟ್ ಮಾಡಿಕೊಂಡು ಹೋಗುತ್ತಿದ್ದೆವು. ಹಬ್ಬ ಬಂದರೆ ಇದು, ಬಸ್ ಸ್ಟ್ಯಾಂಡ್ ಬಂದರೆ ಇದು, ಮಾರ್ಕೆಟ್ ಬಂದರೆ ಒಂದು ಛತ್ರಿ, ಒಂದು ತಕ್ಕಡಿ, ಬುಟ್ಟಿ ಹೊತ್ತ ಹೆಂಗಸು. ನಮ್ಮ ಡ್ರಾಯಿಂಗ್ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಬರೆಯುವಷ್ಟು ಪ್ರಾಕ್ಟೀಸ್ ಮಾಡಿಸಿದ್ದರು.

ಆ ದಿನ ಮಾರ್ಕೆಟ್ಟೇ ಬಂತು. ನಾನೂ ಛತ್ರಿಯಿಂದಲೇ ಶುರು ಮಾಡಿದೆ.

ಆದರೆ ಅಮ್ಮ ಆಗ ಕೋಲಾರದ ಟೊಮೆಟೊ ಮಾರ್ಕೆಟ್ಟಿನಲ್ಲಿ ಹಣ್ಣು ಆರಿಸುವ ಕೆಲಸ ಮಾಡುತ್ತಿದ್ದಳು. ಸ್ಕೂಲಿಗೆ ಹೋಗುವ ದಾರಿಯಲ್ಲಿ ದಿನಾ ನಾನೇ ಅವಳಿಗೆ ತಿಂಡಿ ಡಬ್ಬಿ ಕೊಟ್ಟು ಹೋಗುತ್ತಿದ್ದೆ. ನಾನು ಕಂಡ ಮಾರ್ಕೆಟ್ಟಿನಲ್ಲಿ ಛತ್ರಿಯೂ ಇರಲಿಲ್ಲ, ಬುಟ್ಟಿ ಹೊತ್ತ ಹೆಂಗಸೂ ಇರಲಿಲ್ಲ. ರಬ್ಬರ್ ತೊಗೊಂಡು ಎಲ್ಲ ಅಳಿಸಿಬಿಟ್ಟೆ.

ಅಮ್ಮನನ್ನು ಬರೆದೆ. ಕ್ರೇಟ್ ಬೋರಲು ಹಾಕಿಕೊಂಡು ಕೂತಿದ್ದಾಳೆ. ಕೈ ಟೊಮೆಟೊ ಆರಿಸುತ್ತಿದೆ, ಕಣ್ಣು ಮಾತ್ರ ಪಕ್ಕದವಳ ಮೇಲಿದೆ. ಅವಳೇನೋ ಹೇಳಿದ್ದಾಳೆ, ಅಮ್ಮನಿಗೆ ನಗು ತಡೆಯೋಕಾಗ್ತಿಲ್ಲ. ಬೆರಳಿಗೆಲ್ಲ ಹಣ್ಣಿನ ರಸ ಮೆತ್ತಿದೆಯಲ್ಲ, ಅದಕ್ಕೆ ಮಣಿಕಟ್ಟಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾಳೆ.

ಮನೆಯಲ್ಲಿ ಅಮ್ಮ ಹಾಗೆ ನಗುತ್ತಿರಲಿಲ್ಲ. ಆ ನಗು ಮಾರ್ಕೆಟ್ಟಿನಲ್ಲಿ ಮಾತ್ರ ಸಿಗುತ್ತಿತ್ತು, ಅದೂ ನಾನು ಬಂದಿರುವುದು ಅವಳಿಗೆ ಗೊತ್ತಾಗುವ ಮುಂಚೆ.

ಬೆಲ್ ಹೊಡೀತು. ಮೇಲ್ವಿಚಾರಕರು ಬಂದು ಪೇಪರ್ ಎಳೆದುಕೊಂಡರು. ಬಣ್ಣ ಇನ್ನೂ ಸರಿಯಾಗಿ ಒಣಗಿರಲಿಲ್ಲ.

ಸಂಜೆ ಅಮ್ಮನಿಗೆ ಹೇಳಿದ್ದೇ ತಡ, ಮಾರನೆಯ ದಿನ ಮಾರ್ಕೆಟ್ಟಿಗೆಲ್ಲ ಸುದ್ದಿ. ನನ್ನ ಮಗಳು ಪರೀಕ್ಷೆಯಲ್ಲಿ ನನ್ನ ಬೊಮ್ಮ ಬರೆದಿದ್ದಾಳೆ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ನಮ್ಮ ಕಡೆ ತೆಲುಗು ಕಲಸಿಯೇ ಮಾತಾಡೋದು, ಚಿತ್ರಕ್ಕೂ ಬೊಮ್ಮ ಅಂತೀವಿ.

ತಿಂಗಳುಗಳಾದ ಮೇಲೆ ಸರ್ಟಿಫಿಕೇಟ್ ಬಂತು. ಒಳ್ಳೆ ಗ್ರೇಡೇ. ಅಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಬೊಮ್ಮ ಎಲ್ಲೇ?"

ಅದನ್ನು ವಾಪಸ್ ಕೊಡಲ್ಲಮ್ಮ ಅಂದೆ.

"ಅವ್ರೇ ಇಟ್ಕೊಂಡ್ರಾ? ನನ್ನ ಬೊಮ್ಮ ಅವ್ರಿಗ್ಯಾಕೆ?"

 

ಆಮೇಲೆ ಪಿಯುಸಿ. ನಮಗೆ ಗೊತ್ತಿದ್ದ ಯಾವ ಕಾಲೇಜಿನಲ್ಲೂ ಚಿತ್ರಕಲೆ ಇರಲಿಲ್ಲ, ಕಾಮರ್ಸ್ ಸೇರಿದೆ. ಈಗ ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ. ಬೆಳಗ್ಗೆ ಕಂಪನಿ ಬಸ್ಸು ಹತ್ತಿದರೆ ಇಡೀ ದಿನ ಲೈಟಿನ ಕೆಳಗೆ ಪಾರ್ಟ್‌ಗಳ ಮೇಲೆ ಗೀರು ಇದೆಯಾ ಅಂತ ಹುಡುಕೋದು. ನೋಡುವುದೇ ನನ್ನ ಕೆಲಸ, ಆದರೆ ನೋಡಬೇಕು ಅನ್ನಿಸುವಂಥದ್ದು ಅಲ್ಲಿ ಏನೂ ಇಲ್ಲ.

ಕಾಲು ನೋವು ಅಂತ ಅಮ್ಮನೂ ಮಾರ್ಕೆಟ್ ಬಿಟ್ಟು ವರ್ಷಗಳಾದವು.

ಆ ಭಾನುವಾರಕ್ಕೆ ಎರಡು ದಿನ ಮುಂಚೆ ಪಕ್ಕದ ಮನೆಯ ನಾಜ್ನೀನ್ ಬಂದಿದ್ದಳು. ಈಗ ಹತ್ತನೇ ಕ್ಲಾಸು, ಅವಳೂ ಇದೇ ಎಕ್ಸಾಮ್ ಬರೆಯುತ್ತಾಳಂತೆ, ನನ್ನ ಹಳೆಯ ಡ್ರಾಯಿಂಗ್ ಬೋರ್ಡ್ ಬೇಕಿತ್ತು. ಅಮ್ಮ ಅವಳನ್ನು ಪಕ್ಕಕ್ಕೆ ಕರೆದು ಸೀರಿಯಸ್ಸಾಗಿ, "ಬರೆದದ್ದನ್ನ ಅಲ್ಲೇ ಬಿಟ್ಟು ಬರ್ಬೇಡ ಕಣಮ್ಮ, ಇವಳ ಹಂಗೆ" ಅಂದಳು. ಪೇಪರ್ ಕೊಡದಿದ್ದರೆ ಫೇಲ್ ಮಾಡ್ತಾರೆ ಆಂಟಿ ಅಂತ ಆ ಹುಡುಗಿ ಬಿದ್ದು ಬಿದ್ದು ನಕ್ಕಳು.

ಇಷ್ಟು ವರ್ಷವೂ ಅಮ್ಮ ಅದನ್ನು ಮರೆತಿರಲಿಲ್ಲ ಅಂತ ನನಗೆ ಗೊತ್ತಾಗಿದ್ದು ಆಗಲೇ. ಅದಕ್ಕೇ ಭಾನುವಾರ ಬರೆದುಕೊಡ್ತೀನಿ ಕೂತ್ಕೋ ಅಂದೆ. ಅದಕ್ಕೇ ರೇಷ್ಮೆ ಸೀರೆ.

ಬರೆದೆ. ಅಳಿಸಿದೆ. ಮತ್ತೆ ಬರೆದೆ... ಅಮ್ಮ ಆಧಾರ್ ಕಾರ್ಡಿನ ಫೋಟೋಗೆ ಕೂತ ಹಾಗೆ ನೆಟ್ಟಗೆ ಕೂತಿದ್ದಾಳೆ. ನಗು ಅಂದರೆ ಹಲ್ಲು ತೋರಿಸುತ್ತಾಳೆ. ಸೀರೆ ಬಂತು, ಕುರ್ಚಿ ಬಂತು, ಕಿವಿಯ ಓಲೆಯೂ ಬಂತು. ಅಮ್ಮ ಬರಲಿಲ್ಲ.

ಮಾರ್ಕೆಟ್ಟಿನ ಆ ಚಿತ್ರವನ್ನೇ ಮತ್ತೆ ನೆನಪಿನಿಂದ ಬರೆಯೋಣ ಅಂತ ಕೂತೆ. ಕ್ರೇಟ್ ನೆನಪಿದೆ, ಕೈ ನೆನಪಿದೆ. ಆಗಿನ ಆ ಮುಖ ಮಾತ್ರ ಹಿಡಿತಕ್ಕೆ ಸಿಗುತ್ತಿಲ್ಲ. ಒಂದೂ ಫೋಟೋ ಇಲ್ಲ, ಕೆಲಸದ ಜಾಗದಲ್ಲಿ ಅವಳ ಫೋಟೋ ತೆಗೆಯಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ.

ಕೊನೆಗೆ ಮೇಷ್ಟ್ರಿಗೆ ಫೋನ್ ಮಾಡಿದೆ. ರಿಟೈರ್ ಆಗಿ ಮಾಲೂರಿನಲ್ಲಿದ್ದಾರೆ. ಪೇಪರೆಲ್ಲ ಬೇರೆ ಎಲ್ಲಿಗೋ ಹೋಗುತ್ತವಮ್ಮ, ಯಾರೋ ಮೇಷ್ಟ್ರು ಕೂತು ಮಾರ್ಕ್ಸ್ ಹಾಕುತ್ತಾರೆ, ಇಷ್ಟು ವರ್ಷ ಯಾರು ಇಟ್ಟಿರುತ್ತಾರೆ ಅಂದರು. ಆಮೇಲೆ, "ನಾನೂ ಅದನ್ನ ನೋಡ್ಲಿಲ್ಲ ಕಣಮ್ಮ, ನನ್ನನ್ನ ಹಾಲ್ ಒಳಗೆ ಬಿಟ್ಟಿರ್ಲಿಲ್ಲ" ಅಂದರು.

ಅಂದರೆ ನಾನು ಬಿಟ್ಟರೆ ಆ ಚಿತ್ರವನ್ನು ಸರಿಯಾಗಿ ನೋಡಿದವರು ಒಬ್ಬರೇ, ಅದಕ್ಕೆ ಮಾರ್ಕ್ಸ್ ಹಾಕಿದವರು. ನನಗೆ ಅವರ ಹೆಸರು ಗೊತ್ತಿಲ್ಲ, ಊರೂ ಗೊತ್ತಿಲ್ಲ.

ಈ ಪೋಸ್ಟ್ ಅವರಿಗಾಗಿ. ಸರ್, ಅಥವಾ ಮೇಡಂ... ಛತ್ರಿ, ತಕ್ಕಡಿಗಳ ರಾಶಿಯ ಮಧ್ಯೆ ಕ್ರೇಟ್ ಮೇಲೆ ಕೂತು ನಗುತ್ತಿದ್ದ ಒಬ್ಬಳು ಹೆಂಗಸು ನಿಮಗೆ ನೆನಪಿದ್ದಾಳಾ? ಅವಳು ಹೇಗೆ ಕಾಣುತ್ತಿದ್ದಳು ಅಂತ ದಯವಿಟ್ಟು ಹೇಳ್ತೀರಾ, ಅಮ್ಮ ಕೇಳ್ತಿದ್ದಾಳೆ.