ಸರಸ್ವತಿ ಪೂಜೆಗೆ ಕೂತ ಗ್ಯಾರೇಜ್ ರೆಕಾರ್ಡು

ನನ್ನ ಗಂಡನ ಪ್ರಕಾರ ನನಗಿರುವುದು ಹವ್ಯಾಸವಲ್ಲ, ಕಾಯಿಲೆ. ಶಿಕಾಗೋ ಹತ್ತಿರದ ಬೋಲಿಂಗ್‌ಬ್ರೂಕಿನ ನಮ್ಮ ಬಡಾವಣೆಯ ಉಳಿದ ಹೆಂಗಸರು ಶನಿವಾರ ಬೆಳಿಗ್ಗೆ ಯೋಗಕ್ಕೋ ಲೆಮಾಂಟಿನ ದೇವಸ್ಥಾನಕ್ಕೋ ಹೊರಟರೆ, ನಾನು ಕಂಡವರು ಮನೆಯ ಹಳೆ ಸಾಮಾನು ಮಾರಲಿಡುವ ಗ್ಯಾರೇಜ್ ಸೇಲಿನಲ್ಲಿ ಮಂಡಿಯೂರಿ ಹಳೆಯ ರೆಕಾರ್ಡುಗಳ ಪೆಟ್ಟಿಗೆ ಕೆದಕುತ್ತಿರುತ್ತೇನೆ. ದೊಡ್ಡ ರೆಕಾರ್ಡುಗಳಲ್ಲ. ತಿಂಡಿ ತಟ್ಟೆಯಗಲದ, ಒಂದೊಂದು ಬದಿಗೆ ಒಂದೇ ಹಾಡಿರುವ ಸಿಂಗಲ್‌ಗಳು. ಅದರಲ್ಲೂ ಯಾರೂ ಹೆಸರು ಕೇಳದ ಬ್ಯಾಂಡುಗಳವು.

ಶಿಕಾಗೋ ಸುತ್ತ, ಡೆಟ್ರಾಯಿಟ್ ಸುತ್ತ ಅರವತ್ತರ ದಶಕದಲ್ಲಿ ಬೀದಿಗೊಂದು ಬ್ಯಾಂಡ್ ಇತ್ತಂತೆ. ಹೈಸ್ಕೂಲಿನ ನಾಲ್ಕು ಹುಡುಗರು ಸೇರಿ, ಅಪ್ಪನ ಕಾರನ್ನು ಹೊರಗೆ ತಳ್ಳಿ, ಗ್ಯಾರೇಜಿನಲ್ಲಿ ಗಿಟಾರು ಡ್ರಮ್ಮು ಜೋಡಿಸಿಕೊಂಡು ಗಂಟಲು ಹರಿದುಕೊಳ್ಳುತ್ತಿದ್ದರು. ಊರಿನ ಯಾವನೋ ಫರ್ನಿಚರ್ ಅಂಗಡಿಯವನು ತನ್ನದೂ ಒಂದು ರೆಕಾರ್ಡ್ ಕಂಪನಿ ಇರಲಿ ಎಂದು ಕೆಲವು ನೂರು ಪ್ರತಿ ಅಚ್ಚು ಹಾಕಿಸುತ್ತಿದ್ದ. ಶಾಲೆಯ ಡಾನ್ಸಿನಲ್ಲಿ, ಕಾರಿನ ಡಿಕ್ಕಿಯಲ್ಲಿ ಇಟ್ಟು ಮಾರಿದ್ದಷ್ಟೇ ಮಾರಾಟ. ಆಮೇಲೆ ಒಬ್ಬ ಸೈನ್ಯಕ್ಕೆ, ಒಬ್ಬ ಕಾಲೇಜಿಗೆ, ಇಬ್ಬರು ಕಾರ್ಖಾನೆಗೆ ಹೋದರೆ ಬ್ಯಾಂಡ್ ಮುಗಿಯಿತು. ಈ ಹುಡುಗರಿಗೆ ನೆಟ್ಟಗೆ ನುಡಿಸಲು ಬರುತ್ತಿರಲಿಲ್ಲ, ಆದರೂ ಅವರು ನಾಚಿಕೊಳ್ಳಲಿಲ್ಲ. ಎಂಟು ವರ್ಷ ವೀಣೆ ಕಲಿತು, ಎಲ್ಲಿ ತಪ್ಪೀತೋ ಎಂದು ಒಮ್ಮೆಯೂ ನಾಲ್ಕು ಜನರೆದುರು ನುಡಿಸದ ನನಗೆ ಅದು ಸಣ್ಣ ವಿಷಯವಲ್ಲ. ಅಷ್ಟಕ್ಕೇ ಅವರನ್ನು ಪ್ರೀತಿಸುತ್ತೇನೆ.

ಹೋದ ವರ್ಷ ಬೇಸಿಗೆಯಲ್ಲಿ ರೆಕಾರ್ಡು ಹುಡುಕುವವರ ಒಂದು ವೆಬ್‌ಸೈಟಿನಲ್ಲಿ ಮಿಶಿಗನ್ನಿನ ರಾಚೆಸ್ಟರ್ ಹಿಲ್ಸಿನ ಹೆಂಗಸೊಬ್ಬರು ಬರೆದಿದ್ದರು. ಅವರ ತಂದೆ ಹದಿನೇಳನೇ ವಯಸ್ಸಿನಲ್ಲಿ ಗಿಟಾರ್ ನುಡಿಸಿದ ಬ್ಯಾಂಡಿನದು ಒಂದೇ ಒಂದು ಸಿಂಗಲ್. ಬೇಸ್‌ಮೆಂಟಿಗೆ ನೀರು ನುಗ್ಗಿ ಮನೆಯಲ್ಲಿದ್ದ ಪ್ರತಿಗಳೆಲ್ಲ ಹಾಳಾಗಿವೆ. ತಂದೆಗೆ ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದು ಹೋಗುತ್ತಿದೆ. ಅದು ಹೋಗುವುದರೊಳಗೆ ಒಮ್ಮೆ ಕೇಳಿಸಬೇಕು, ಯಾರ ಬಳಿಯಾದರೂ ಇದೆಯೇ?

ನನ್ನ ಬಳಿ ಇರಲಿಲ್ಲ. ಆದರೆ ಹಟ ಹಿಡಿಯಿತು. ಮೂರು ತಿಂಗಳು ಕೆದಕಿ, ಸೆಪ್ಟೆಂಬರಿನಲ್ಲಿ ಜೋಲಿಯೆಟ್ಟಿನ ಮನೆಯೊಂದರ ಗ್ಯಾರೇಜಿನಲ್ಲಿ, ಕ್ರಿಸ್‌ಮಸ್ ಹಾಡುಗಳ ಪೆಟ್ಟಿಗೆಯ ತಳದಲ್ಲಿ ಅದನ್ನು ಹಿಡಿದೆ. ಮನೆಗೆ ತಂದು ಹತ್ತು ಸಲ ಹಾಕಿ ಕೇಳಿದೆ. ತಾಳ ಒಂದು ಕಡೆ, ಗಿಟಾರು ಇನ್ನೊಂದು ಕಡೆ, ಪರಮಾನಂದ. ಹಾಡು ಮುಗಿದ ಮೇಲೆ ದೂರದಲ್ಲಿ ಯಾವುದೋ ಹೆಂಗಸಿನ ದನಿ, ಬಾಗಿಲು ಬಡಿದ ಸದ್ದು. ಗ್ಯಾರೇಜಿನಲ್ಲೇ ಟೇಪ್ ಮಾಡಿದರೆ ಇಂಥವೆಲ್ಲ ಸೇರಿಕೊಳ್ಳುತ್ತವೆ. ನಾನು ಅಷ್ಟು ಹೊತ್ತಿಗೆ ಮುಳ್ಳು ಎತ್ತಿಬಿಡುತ್ತಿದ್ದೆ.

ಫೋನಿನಲ್ಲಿ ಹಾಡು ಹಿಡಿದು ಕಳಿಸಿದೆ. ತಂದೆಗೆ ಅದು ಸೊಳ್ಳೆ ಗುಂಯ್ ಎಂದಷ್ಟೂ ಕೇಳಲಿಲ್ಲ ಎಂದು ಮಗಳು ಬರೆದರು. ಅವರ ಮನೆಯಲ್ಲಿ ಬೀರುವಿನಷ್ಟು ದೊಡ್ಡ ಹಳೆಯ ರೆಕಾರ್ಡ್ ಪ್ಲೇಯರ್ ಇದೆ, ಅದರ ಸ್ಪೀಕರಿಗೆ ಕಿವಿ ಒತ್ತಿದರೆ ದಪ್ಪ ಸದ್ದು ಅಷ್ಟಿಷ್ಟು ಕೇಳುತ್ತದೆ, ರೆಕಾರ್ಡೇ ಬೇಕು. ತಂದೆಯ ಒಂದು ಪ್ರಶ್ನೆಯನ್ನೂ ಸೇರಿಸಿದ್ದರು: ಹಾಡು ಮುಗಿದ ಮೇಲೂ ರೆಕಾರ್ಡಿನ ಗೆರೆ ಚೆನ್ನಾಗಿದೆಯೇ, ಮುಳ್ಳು ಕೊನೆಯವರೆಗೆ ಓಡುತ್ತದೆಯೇ? ಓಡುತ್ತದೆ ಎಂದೆ. ನವೆಂಬರಿನ ರಜೆಯಲ್ಲಿ ತಂದುಕೊಡುವುದೆಂದು ಮಾತಾಯಿತು.

ಅಷ್ಟರಲ್ಲಿ ನವರಾತ್ರಿ ಬಂತು. ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದ ಅತ್ತೆ ಶನಿವಾರ ಬೆಳಿಗ್ಗೆ ಸರಸ್ವತಿಯನ್ನು ಕೂರಿಸಿದರು. ಪುಸ್ತಕಗಳ ಮೇಲೆ ವೀಣೆ ನುಡಿಸಲು ನಾನು ಬೆರಳಿಗೆ ತೊಡುವ ಮೀಟು, ಅದರ ಮೇಲೆ, ಹೊಸದಾಗಿ ಸಿಕ್ಕ ವಸ್ತು ಮೊದಲು ದೇವರಿಗೆ ಎಂದು, ನಾನೇ ಕೈಯಾರೆ ಆ ರೆಕಾರ್ಡನ್ನು ಇಟ್ಟೆ.

"ಇದೇನೇ ಇದು, ಉದ್ದಿನವಡೆ ಹಾಗೆ ನಡುವೆ ಇಷ್ಟು ದೊಡ್ಡ ತೂತು?" ಎಂದರು ಅತ್ತೆ. ನನ್ನ ಸಂಗ್ರಹಕ್ಕೆ ಅವರು ಇಟ್ಟ ಹೆಸರು ಮೋಟಾರ್ ಶೆಡ್ ಸಂಗೀತ. ಆದರೂ ತಾರತಮ್ಯ ಮಾಡದೆ ನಡುವೆ ಅಂಟಿಸಿದ ಕಾಗದದ ಲೇಬಲ್ಲಿನ ಮೇಲೆ ಅರಿಶಿನ ಕುಂಕುಮ ಹಚ್ಚಿದರು. ಲೇಬಲ್ಲಿನಲ್ಲಿ ಪೆನ್ನಿನ ಗೆರೆಯಿದ್ದರೂ ಮೂಗು ಮುರಿಯುವ ಸಂಗ್ರಾಹಕರು ಕಂಡಿದ್ದರೆ ಎದೆಯೊಡೆದುಕೊಳ್ಳುತ್ತಿದ್ದರು.

ಮಧ್ಯಾಹ್ನ ರಾಚೆಸ್ಟರ್ ಹಿಲ್ಸಿನಿಂದ ಆ ಮಗಳ ಫೋನು ಬಂತು. ತಂದೆಯ ಇನ್ನೂ ಅಷ್ಟಿಷ್ಟು ಕೇಳುವ ಕಿವಿಯೊಳಗೆ ಯಂತ್ರ ಕೂರಿಸುವ ಆಪರೇಷನ್ ಜನವರಿಯಲ್ಲಿತ್ತು. ಯಾರದೋ ಸರದಿ ತಪ್ಪಿ ನಾಡಿದ್ದು ಸೋಮವಾರವೇ ಬನ್ನಿ ಎಂದು ಆಸ್ಪತ್ರೆಯವರು ಹೇಳಿದ್ದಾರೆ. ಆಮೇಲೆ ಕೇಳುವುದೆಲ್ಲ ಯಂತ್ರದ ಮೂಲಕ. ಆ ಕಿವಿಯಲ್ಲಿ ಸ್ವಂತದ್ದೆಂದು ಉಳಿದಿರುವುದು ಬಹುಶಃ ಹೋಗಿಬಿಡುತ್ತದೆ.

ವಿಜಯದಶಮಿ ಮಂಗಳವಾರ. ಅಲ್ಲಿಯವರೆಗೆ ಪೂಜೆಗಿಟ್ಟಿದ್ದನ್ನು ಮುಟ್ಟುವಂತಿಲ್ಲ, ಓದುವಂತಿಲ್ಲ, ನುಡಿಸುವಂತಿಲ್ಲ. ಚಿಕ್ಕಂದಿನಲ್ಲಿ ಪರೀಕ್ಷೆಯ ಭಯಕ್ಕೆ ಲೆಕ್ಕದ ಪುಸ್ತಕವನ್ನು ಮೊದಲು ಇಡುತ್ತಿದ್ದ ಜಾಣೆ ನಾನು. ಈಗ ಮಾಡಿದ್ದುಣ್ಣೋ ಮಹರಾಯ ಎಂಬಂತಾಯಿತು. ನನಗೆ ಅಳುವೇ ಬಂತು. ಅತ್ತೆಯ ಮುಂದೆ ನಿಂತು ಎಲ್ಲ ಹೇಳಿದೆ.

ಅವರು ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ವಿಸರ್ಜನೆಗೆ ಮುಂಚೆ ತೆಗೆಯೋ ಹಾಗಿಲ್ಲ" ಎಂದರು. ಹೆಚ್ಚಿದ್ದನ್ನು ಬಟ್ಟಲಿಗೆ ಹಾಕಿ, "ಎಷ್ಟು ದೂರ?" ಎಂದರು.

"ಮುನ್ನೂರು ಮೈಲಿ. ಐದು ಗಂಟೆ ಡ್ರೈವ್ ಮಾಡ್ಬೇಕು."

"ಸರಿ. ಅಮ್ಮನವರೂ ಬರ್ತಾರೆ, ನಾನೂ ಬರ್ತೀನಿ. ಪೂಜೆ ಅಲ್ಲೇ ನಡೆಯತ್ತೆ."

"ನುಡಿಸೋ ಹಾಗಿಲ್ವಲ್ಲ ಅತ್ತೆ?"

"ನೀನು ನುಡಿಸೋ ಹಾಗಿಲ್ಲ. ಪೂಜೆ ಕೊನೇಲಿ ಸಂಗೀತ ಸೇವೆ ಅಂತ ಇಲ್ವಾ? ಅದರಲ್ಲಿ ನುಡಿಸಿರೋರು ಆ ಮುದುಕರೇ ತಾನೆ. ಅವರ ಸೇವೆ ಅವರು ಮಾಡ್ಲಿ."

ಭಾನುವಾರ ಬೆಳಿಗ್ಗೆ ಗಂಡ ಕಾರು ತೆಗೆದ. ಹಿಂದಿನ ಸೀಟಿನಲ್ಲಿ ಅತ್ತೆ, ಅವರ ಮಡಿಲಲ್ಲಿ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಸರಸ್ವತಿಯ ಪುಟ್ಟ ಪಟ, ರೆಕಾರ್ಡು, ಸೇವಂತಿಗೆ. ಪಕ್ಕದಲ್ಲಿ ಪುಳಿಯೋಗರೆ ಡಬ್ಬಿ. ದಾರಿಯಲ್ಲಿ ಕಾಫಿಗೆ ನಿಲ್ಲಿಸಿದರೂ ಅತ್ತೆ ಇಳಿಯಲಿಲ್ಲ, ದೇವರನ್ನು ಪಾರ್ಕಿಂಗ್ ಲಾಟಿನಲ್ಲಿ ಬಿಟ್ಟು ಬರುವುದುಂಟೇ ಎಂದರು. ಮಿಶಿಗನ್ ಗಡಿ ದಾಟಿದಾಗ ಗಡಿಯಾರ ಒಂದು ಗಂಟೆ ಮುಂದೆ ಹೋಯಿತು. ರಾಹುಕಾಲ ಯಾವ ಊರಿನ ಗಡಿಯಾರಕ್ಕೆ ಎಂದು ಅವರು ಕೇಳಿದ್ದಕ್ಕೆ ಗಂಡ ರೇಡಿಯೋದ ಸದ್ದು ಏರಿಸಿದ.

ಮುದುಕರು ಬಾಗಿಲಲ್ಲೇ ಕಾದಿದ್ದರು. ಕಾರಿನ ಭಾಗಗಳ ನಕ್ಷೆ ಬರೆದು ನಿವೃತ್ತರಾದವರು, ಎತ್ತರದ ಆಳು. ಅವರಿಗೆ ಏನಾದರೂ ಹೇಳಬೇಕಾದರೆ ಮಗಳು ಪುಟ್ಟ ಬಿಳಿ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು. ಪೂಜೆಯ ವಿಷಯವನ್ನೂ ಹಾಗೆಯೇ ಬರೆದೆವು. ಅವರು ಓದಿ, ಟೋಪಿ ತೆಗೆದು, ಪಟದ ಮುಂದೆ ನೆಟ್ಟಗೆ ನಿಂತರು.

ಅತ್ತೆ ಕರ್ಪೂರ ಹಚ್ಚಿದ್ದೇ ತಡ, ಛಾವಣಿಯ ಹೊಗೆ ಅಲಾರಂ ಕೀರಿಟ್ಟಿತು. ನಾವೆಲ್ಲ ಕಿವಿ ಮುಚ್ಚಿಕೊಂಡು ಕಿಟಕಿ ತೆರೆಯಲು ಓಡಿದೆವು. ಮುದುಕರೊಬ್ಬರೇ ಆರತಿ ನೋಡುತ್ತ ನಗುಮುಖದಿಂದ ನಿಂತಿದ್ದರು. ಆ ಕೀರಲು ಅವರನ್ನು ಮುಟ್ಟಿರಲೇ ಇಲ್ಲ. ಇನ್ನೇನು ಕೇಳಿಸೀತು ಇವರಿಗೆ, ಇಷ್ಟು ದೂರ ಬಂದದ್ದು ಸುಮ್ಮನೆ ಆಗುತ್ತದೇನೋ ಎಂದುಕೊಂಡೆ.

ಅತ್ತೆ ರೆಕಾರ್ಡನ್ನು ತಟ್ಟೆಯ ಸಮೇತ ಅವರ ಮುಂದೆ ಹಿಡಿದರು. ಅವರು ಕುಂಕುಮದ ಲೇಬಲ್ಲನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ರೆಕಾರ್ಡು ಹಾಕಿ, ಸದ್ದನ್ನು ಪೂರ್ತಿ ಏರಿಸಿ, ನೆಲದ ಮೇಲೆ ಕೂತು ಸ್ಪೀಕರಿಗೆ ಎಡಗಿವಿ ಒತ್ತಿದರು. ಮನೆ ನಡುಗಿತು. ಹಾಡಿನುದ್ದಕ್ಕೂ ಅವರ ಮುಖದಲ್ಲಿ ಏನೂ ಆಗಲಿಲ್ಲ. ಹಾಡು ಮುಗಿಯಿತು. ಅಭ್ಯಾಸಬಲದಿಂದ ನಾನು ಮುಳ್ಳು ಎತ್ತಲು ಕೈ ಚಾಚಿದೆ. ಅವರು ಸ್ಪೀಕರಿನಿಂದ ಕಿವಿ ತೆಗೆಯದೆಯೇ ನನ್ನ ಕೈ ಹಿಡಿದು ನಿಲ್ಲಿಸಿದರು.

ಆ ಹೆಂಗಸಿನ ದನಿ ಬಂತು, ಬಾಗಿಲು ಬಡಿಯಿತು. ಅವರ ಇಡೀ ಮುಖ ಸಡಿಲವಾಯಿತು. ಮುಳ್ಳನ್ನು ಎರಡು ಗೆರೆ ಹಿಂದಿಟ್ಟು ಅಷ್ಟನ್ನೇ ಮತ್ತೆ ಕೇಳಿದರು. ಮತ್ತೊಮ್ಮೆ ಕೇಳಿದರು.

ಇಂಗ್ಲಿಷ್ ಬಾರದ ಅತ್ತೆ ನನ್ನ ಸೆರಗು ಎಳೆದರು. "ಅವರಮ್ಮ ಅಲ್ವೇನೇ? ಊಟಕ್ಕೆ ಕರೀತಿದಾರೆ."

ಹತ್ತು ಸಲ ಕೇಳಿದ್ದ ನನಗೆ ಅದು ಹೊಳೆದಿರಲಿಲ್ಲ. ಅತ್ತೆಯ ಮಾತನ್ನು ಹಲಗೆಯ ಮೇಲೆ ಬರೆದು ತೋರಿಸಿದೆ. ಅವರು ಓದಿ ಅತ್ತೆಯ ಕಡೆ ನೋಡಿ ತಲೆಯಾಡಿಸಿದರು.

"ಅದು ಮೂರನೇ ಸಲ ಕರೆದಿದ್ದು" ಎಂದರು. "ಮೊದಲ ಎರಡು ಸಲ ನಾವು ಯಾರೂ ಏಳಲಿಲ್ಲ."

ಮತ್ತೆ ಮುಳ್ಳಿಟ್ಟು ಕಿವಿ ಒತ್ತಿದರು. ಅತ್ತೆ ಐದು ತಟ್ಟೆಗೆ ಪುಳಿಯೋಗರೆ ಬಡಿಸಿ ಕೂತರು, ಮುದುಕರನ್ನು ಮಾತ್ರ ಊಟಕ್ಕೆ ಕರೆಯಲಿಲ್ಲ.