ಸುಣ್ಣ ಬಳಿದ ಕೋಡಿ

ಕೆರೆಯ ಏರಿ ಒಡೆಯಬಹುದಿತ್ತು. ನಾನು ಮೇಲೆ ನಿಂತಿರುವಾಗಲೇ ಒಡೆಯಬಹುದಿತ್ತು. ಅಳತೆಯ ಯಂತ್ರ ತನ್ನ ಮೂರು ಕಾಲಿನ ಸಮೇತ ಕೆರೆಗೆ ಉರುಳಬಹುದಿತ್ತು, ಹಿಡಿಯಲು ಹೋಗಿ ಈಜು ಬಾರದ ನಾನೂ ಉರುಳಬಹುದಿತ್ತು. ಹಾವು, ಹೆಜ್ಜೇನು, ಸಾವನದುರ್ಗದ ಕಡೆಯಿಂದ ದಾರಿ ತಪ್ಪಿ ಬಂದ ಚಿರತೆ. ಮಾಗಡಿಯ ಕೆರೆಯ ಅಳತೆ ಕನಕಪುರದ ಕೆರೆಯ ಹೆಸರಿನಲ್ಲಿ ಸೇರಿಹೋಗಬಹುದಿತ್ತು. ಇದನ್ನೆಲ್ಲ ಕೆಲಸ ಶುರುವಾಗುವ ಮೊದಲೇ ಹಾಳೆಯಲ್ಲಿ ಬರೆದುಕೊಂಡಿದ್ದೆ. ಹೆಂಡತಿ ಓದಿ, "ಗಾಡಿ ಕೀ ಮರೆಯೋದು ಬಿಟ್ಟುಹೋಗಿದೆ ನೋಡಿ" ಅಂದಳು. ಅದನ್ನೂ ಸೇರಿಸಿದೆ.

ಒಂದೂ ಆಗಲಿಲ್ಲ.

ಕೆಲಸ ಇಷ್ಟೆ. ಮಳೆ ಈಗ ಮೊದಲಿನ ಹದದಲ್ಲಿಲ್ಲವಲ್ಲ. ನಮ್ಮ ಕೆರೆಗಳ ಏರಿ, ಕೋಡಿಗಳನ್ನು ಅಳೆದು, ಮುಂದೆ ಇನ್ನೂ ದೊಡ್ಡ ಮಳೆ ಬಂದರೆ ನೀರು ಎಲ್ಲಿಯವರೆಗೆ ನುಗ್ಗೀತು ಎಂದು ನಕ್ಷೆಯಲ್ಲಿ ಕೆಂಪು ಗೀಟು ಎಳೆಯುವುದು. ನಮಗೆ ಕೊಟ್ಟ ನಮೂನೆ ಕರಾವಳಿಗೆಂದು ಮಾಡಿದ್ದು, ಸಮುದ್ರ ಏರಿದರೆ ಯಾವ ತಡೆಗೋಡೆ ಎಷ್ಟು ತಡೆದೀತು ಎಂದು ಲೆಕ್ಕ ಹಾಕಲು. ಅದರಲ್ಲಿ 'ಉಬ್ಬರದ ಎತ್ತರ' ಎಂಬ ಕಾಲಂ ಇತ್ತು. ಚನ್ನಪಟ್ಟಣದಲ್ಲಿ ಕೂತು ಅದಕ್ಕೆ ಏನು ಬರೆಯಲಿ ಎಂದು ಅರ್ಧ ದಿನ ಕೊರಗಿ, ಕೊನೆಗೆ ಸಣ್ಣ ಅಕ್ಷರದಲ್ಲಿ 'ಇಲ್ಲ' ಎಂದು ಬರೆದೆ.

ಹೀಗೆ ಅಳೆಯಲು ಹೋದ ಒಂದು ಹಳ್ಳಿಯಲ್ಲಿ, ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಬೀಳುವ ಕಲ್ಲಿನ ಕೋಡಿಯ ಕೆಳಗೆ, ಹಳ್ಳದ ಅಂಚಿಗೆ ಒಂದೇ ಮನೆ. ರೇಷ್ಮೆ ಹುಳು ಸಾಕುವ ಹೆಂಗಸಿನದು. ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿ ಅವಳ ಮೈದುನ.

"ಕೆಂಪು ಗೀಟಿನ ಒಳೀಕೆ ಬಂದ್ರೆ ಮ್ಯಾಲ್ಗಡೆ ಸೈಟು ಕೊಡ್ತಾರಂತಲ್ಲ ಸ್ವಾಮಿ, ನಮ್ಮನೆ ಬತ್ತದಾ?" ಎಂದು ಕೇಳಿದಳು.

"ಸುಮ್ಕಿರತ್ತಿಗೆ" ಎಂದ ಮೈದುನ. "ಗಂಗಮ್ಮ ತೌರಿಗೆ ಬಂದಂಗೆ ನಿನ್ ಮನೇಗೆ ಬತ್ತಾಳೆ. ಗೀಟಿನ ಒಳೀಕೆ ನೀನಲ್ದೆ ಇನ್ಯಾರು ಬತ್ತಾರೆ?"

"ನೋಡೋಣಮ್ಮ" ಎಂದೆ. ನನ್ನ ನೌಕರಿಯಲ್ಲಿ ಇದಕ್ಕಿಂತ ಸುರಕ್ಷಿತವಾದ ಮಾತು ನನಗೆ ಸಿಕ್ಕಿಲ್ಲ.

ಕೋಡಿ ಸುಣ್ಣ ಬಳಿದುಕೊಂಡು ಹೊಳೆಯುತ್ತಿತ್ತು. ಒಂದು ಹುಲ್ಲುಕಡ್ಡಿ ಇರಲಿಲ್ಲ. ಇಷ್ಟು ಚೊಕ್ಕ ಕೋಡಿಯನ್ನು ನಾನು ಜಿಲ್ಲೆಯಲ್ಲೇ ಕಂಡಿರಲಿಲ್ಲ. ಖುಷಿಯಿಂದ ಕಲ್ಲಿನ ಮೇಲೆ ಅಳತೆಕೋಲು ನಿಲ್ಲಿಸಿ, ಚಾಳಿಯಂತೆ ಎರಡೆರಡು ಸಲ ಓದಿ, ಅವಳು ಕೊಟ್ಟ ಟೀ ಕುಡಿದು ಬಂದೆ.

ನಕ್ಷೆಯಲ್ಲಿ ಕೆಂಪು ಗೀಟು ಅವಳ ಹಿತ್ತಲವರೆಗೆ ಬಂದು ಪಕ್ಕಕ್ಕೆ ಹೊರಳಿತು. ಮತ್ತೆ ಲೆಕ್ಕ ಹಾಕಿದೆ. ಮತ್ತೆ ಹಿತ್ತಲಲ್ಲೇ ನಿಂತಿತು. ಮನಸ್ಸಿಗೆ ಕಸಿವಿಸಿ. ಆದರೆ ನನಗೆ ಯಾವುದಕ್ಕೆ ಕಸಿವಿಸಿ ಆಗುವುದಿಲ್ಲ? ಸಹಿ ಹಾಕಿ ಕಳಿಸಿದೆ. ಗೀಟಿನ ಒಳಗಿದ್ದವರ ಪಟ್ಟಿಯಾಗಿ, ಸೈಟುಗಳು ಹಂಚಿಹೋದವು.

ಮುಂದಿನ ಮಳೆಗಾಲದಲ್ಲಿ ಅವಳ ಮನೆಗೆ ನೀರು ನುಗ್ಗಿತು. ಸುದ್ದಿ ಕೇಳಿ ಹೋದೆ. ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತು ಅದು. ಅದಕ್ಕೆಂದು ಹುಳ ಬಿಡುವ ಬಿದಿರಿನ ಚಂದ್ರಿಕೆಗಳೆಲ್ಲ ಕೆಸರು ಮೆತ್ತಿಕೊಂಡು ಗೋಡೆಗೆ ಒರಗಿದ್ದವು. ಅರ್ಧ ನೂತ ಗೂಡುಗಳ ಒಳಗೆ ಹುಳಗಳು ಸತ್ತು ಕಪ್ಪಾಗಿದ್ದವು. ಒಂದು ಕಡೆಯ ಮಣ್ಣಿನ ಗೋಡೆ ಕುಸಿದು, ಅಡುಗೆಮನೆಯಿಂದ ಕೆರೆಯ ಏರಿ ಕಾಣುತ್ತಿತ್ತು.

ಕೋಡಿಯ ಹತ್ತಿರ ನಡೆದೆ. ಕಲ್ಲಿನ ಉದ್ದಕ್ಕೂ ಮಣ್ಣು, ಮರಳಿನ ಚೀಲ.

"ಇದನ್ನ ಯಾವಾಗ ಹಾಕಿದ್ರಿ?"

"ಅದು ಯಾವಾಗ್ಲೂ ಇರೋದೆಯ" ಎಂದ ನೀರುಗಂಟಿ. "ಗದ್ದೆಗೆ ನೀರು ಒಸಿ ಹೆಚ್ಗೆ ನಿಲ್ಲಲಿ ಅಂತ ನಮ್ಮಪ್ಪನ ಕಾಲದಿಂದ ಹಾಕ್ತೀವಿ. ನೀವು ಬಂದ ದಿವ್ಸ ಮಾತ್ರ ತೆಗ್ದಿದ್ವಿ."

"ತೆಗೆದಿದ್ರಾ? ಯಾಕೆ?"

ಹಿಂದೆಯೇ ಬಂದಿದ್ದ ಅವಳು ಹೇಳಿದಳು: "ನಾನೇ ಸ್ವಾಮಿ, ಗುದ್ಲಿ ತಕ್ಕಂಡು ಎಲ್ಲಾ ಎಳ್ದಾಕಿದ್ದು. ಸುಣ್ಣಾನೂ ನಾನೇ ಬಳ್ದಿದ್ದು. ನಮ್ಮನೆ ನೋಡಾಕೆ ಆಪೀಸರು ಬತ್ತಾರೆ ಅಂದ್ರು. ನೆಂಟ್ರು ಬತ್ತಾರೆ ಅಂದ್ರೆ ಬಾಗ್ಲು ಸಾರ್ಸಲ್ವಾ?"

ಚಿರತೆಗೆ ಹೆದರಿದ ಮನುಷ್ಯ ನಾನು. 'ಕೋಡಿ ದಿನಾ ಹೀಗೇ ಇರುತ್ತದಾ ಅಮ್ಮ' ಎಂದು ಒಂದು ಮಾತು ಕೇಳಿರಲಿಲ್ಲ. ನನ್ನ ಗೀಟು ಬರಿಗಲ್ಲಿನ ಎತ್ತರಕ್ಕೆ ಎಳೆದದ್ದು; ನೀರು ಬಿದ್ದದ್ದು ಚೀಲದ ಎತ್ತರದಿಂದ. ಮತ್ತೆ ಅಳೆದು ಬರೆಯುತ್ತೇನೆ ಎಂದೆ. ಹಂಚಲು ಸೈಟು ಉಳಿದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವಳು ಚೀಲದ ಮೇಲೆ ಅಳತೆಕೋಲು ನೆಟ್ಟಗೆ ಹಿಡಿದು ನಿಂತಳು. ಓದಿದೆ. ಇನ್ನೊಮ್ಮೆ ಓದಿದೆ.

"ಎಷ್ಟು ಯತ್ವಾಸ ಬಂತು ಸ್ವಾಮಿ?"

"ಒಂದು ಗೇಣು."

ಅವಳು ಕೋಲು ಬಿಡದೆಯೇ, ಇನ್ನೊಂದು ಕೈಯ ಹೆಬ್ಬೆರಳು ಕಿರುಬೆರಳು ಅಗಲಿಸಿ ನೋಡಿಕೊಂಡಳು.

"ಇಷ್ಟೇನಾ?"

"ಅಷ್ಟೇ ಅಮ್ಮ."