ಗಟ್ಟಿಯಾಗಿ ಓದುವವನ ಕೋಣೆ

ಸದ್ದಾದರೆ ನನಗೆ ಒಂದಕ್ಷರವೂ ತಲೆಗೆ ಹತ್ತುವುದಿಲ್ಲ ಎಂದೇ ನಂಬಿದ್ದೆ. ನಾನು ಬರೆದು ಬರೆದು ಕಲಿಯುವವನು. ಎಪ್ಪತ್ತರ ದಶಕದ ಕೊನೆಯಲ್ಲಿ ಕೋಲಾರದಲ್ಲಿ ಬಿ.ಎಸ್ಸಿ. ಓದುವಾಗ ಕೋಣೆ ಹಂಚಿಕೊಂಡಿದ್ದ ಶ್ರೀನಿವಾಸಪುರದ ಗೆಳೆಯನೋ, ಗಂಟಲು ಹರಿಯುವಂತೆ ಓದುವವನು. ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತ ಭೌತಶಾಸ್ತ್ರವನ್ನು ತೆಲುಗು ರಾಗದಲ್ಲಿ ಒದರುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೊದಲ ವರ್ಷ ಇಬ್ಬರೂ ಭೌತಶಾಸ್ತ್ರದಲ್ಲಿ ಡುಮ್ಕಿ ಹೊಡೆದೆವು. "ಸೆಪ್ಟೆಂಬರ್ ಪರೀಕ್ಷೇಲೂ ಹೋದ್ರೆ ಕಾಲೇಜು ಸಾಕು, ಬಂದು ಹಿಪ್ಪುನೇರಳೆ ತೋಟ ನೋಡ್ಕೋ" ಎಂದುಬಿಟ್ಟರು ಅಪ್ಪ. ತಪ್ಪೆಲ್ಲ ಗೆಳೆಯನ ಗಂಟಲಿನದು ಎಂದು ನಾನು ತೀರ್ಮಾನಿಸಿದೆ.

"ನಿನ್ನ ಗಲಾಟೆಯಿಂದಾನೇ ನಾನು ಫೇಲಾಗಿದ್ದು. ಊರಿಗೆ ಹೋಗಿ ಓದ್ಕೋತೀನಿ."

"ಮೆಲ್ಲಗೆ ಓದ್ತೀನಿ, ಇರು ಕಣೋ" ಎಂದ.

ಕೇಳಲಿಲ್ಲ. ಟ್ರಂಕು ಎತ್ತಿಕೊಂಡು ಮಾಲೂರಿಗೆ ಹೋಗಿ ಮಾಸ್ತಿ ಬಸ್ಸು ಹಿಡಿದೆ. ಅಮ್ಮ ರಾಗಿ ಮೂಟೆಗಳ ಕೋಣೆಯನ್ನು ನನಗೆ ಬಿಟ್ಟುಕೊಟ್ಟು, ಆ ಕಡೆ ಯಾರೂ ಸುಳಿಯದಂತೆ ನೋಡಿಕೊಂಡಳು. ಬಯಸಿದ ಮೌನ ಸಿಕ್ಕಿತು. ಎರಡು ನೋಟ್‌ಬುಕ್ ತುಂಬ ಬರೆದೆ. ಮುಚ್ಚಿಟ್ಟರೆ ತಲೆ ಖಾಲಿ. ನನಗೆ ನಿಜಕ್ಕೂ ಭಯವಾಯಿತು.

ಪರೀಕ್ಷೆಯಲ್ಲಿ, ಊರಲ್ಲಿ ಬರೆದದ್ದು ಒಂದೂ ನೆನಪಾಗಲಿಲ್ಲ. ಪ್ರಶ್ನೆ ಓದಿದೊಡನೆ ಕಿವಿಯೊಳಗೆ ಆ ಹಾಳು ತೆಲುಗು ರಾಗ ಶುರುವಾಯಿತು. ಅವನು ಕಿಟಕಿಯ ಬಳಿ ಒದರಿದ್ದು, ಬಾಗಿಲ ಬಳಿ ತಡವರಿಸಿ ತಿದ್ದಿಕೊಂಡದ್ದು ಎಲ್ಲ ಸಾಲಾಗಿ ಬಂತು. ಬಂದಂತೆ ಬರೆದೆ. ಪಾಸಾದೆ.

ಅವನು ಮತ್ತೆ ಫೇಲಾದ. ನೋಟಿಸ್ ಬೋರ್ಡಿನ ಮುಂದೆ ಸಿಕ್ಕಿದಾಗ, "ನೀನು ಹೋದ್ಮೇಲೆ ಓದಕ್ಕೇ ಆಗ್ಲಿಲ್ಲ ಕಣೋ" ಎಂದ. "ನಾನು ತಪ್ಪು ಓದಿದ್ರೆ ನೀನು ಬರೆಯೋದು ನಿಲ್ಸಿ ತಲೆ ಎತ್ತಿ ನೋಡ್ತಿದ್ದೆ. ಅದನ್ನ ನೋಡೇ ನಾನು ತಿದ್ಕೋತಿದ್ದೆ."

ಅದು ಸಿಟ್ಟಿನ ನೋಟವಾಗಿತ್ತು. ಆದರೆ ಅವನು ತಪ್ಪಿದ್ದು ನನಗೆ ಗೊತ್ತಾಗುತ್ತಿತ್ತು ಎಂದರೆ ನಾನು ಕೇಳಿಸಿಕೊಳ್ಳುತ್ತಿದ್ದೆ ಎಂದಾಯಿತಲ್ಲ! ಹಾಗಾದರೆ ಮೊದಲ ಸಲ ಇಬ್ಬರೂ ಫೇಲಾದದ್ದೇಕೆ? ಯಾರು ಯಾರಿಂದ ಕಲಿತದ್ದು? ಇವತ್ತಿಗೂ ನನಗೆ ಬಗೆಹರಿದಿಲ್ಲ.

ಅವನು ಕಾಲೇಜು ಬಿಟ್ಟು ತಂದೆಯ ಮಾವಿನ ಮಂಡಿ ಸೇರಿದ. ನಾನು ಮರಳಿದ ಕೋಣೆಗೆ ಬೇರೊಬ್ಬ ಬಂದ. ತುಟಿ ಅಲುಗಿಸದೆ ಓದುವವನು, ನಾನು ಬಯಸಿದಂಥವನೇ. ಒಂದು ವಾರ ಹೇಗೋ ತಡೆದುಕೊಂಡೆ. ಆಮೇಲೆ ನಾನೇ ಕೇಳಿದೆ:

"ಸ್ವಲ್ಪ ಗಟ್ಟಿಯಾಗಿ ಓದ್ತೀಯೇನೋ?"